ಮತ ಕೇಳಲು ಹೊರಟ ಮಗಳಿಗೆ

ಹರಿಹರ

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು. ಉಭಯಕುಶಲೋಪರಿ.

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕರಪತ್ರದ ಕರಡು ಓದಿದೆ. ಫೋನಿನಲ್ಲಿ ಇಷ್ಟನ್ನೂ ಹೇಳುವುದಕ್ಕೆ ಆಗುವುದಿಲ್ಲ. ಅರ್ಧ ಮಾತಿಗೇ ನಿಮ್ಮಪ್ಪ ಫೋನು ಇಸಿದುಕೊಂಡು ಊಟ ಆಯಿತಾ, ಮೊಮ್ಮಗ ಮಲಗಿದನಾ ಎಂದು ಕೇಳಲು ಶುರು ಮಾಡುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮೊದಲ ಮಾತು ಇದು: ನೀನು ಲೋಕಸಭೆಗೆ ನಿಲ್ಲುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ನೆಂಟರು ಏನೇನೋ ಅನ್ನುತ್ತಾರೆ. ಇಂಜಿನಿಯರಿಂಗ್ ಓದಿ, ಹತ್ತು ವರ್ಷ ಸೈನ್ಯದಲ್ಲಿ ದುಡಿದು, ಮೇಜರ್ ಅನ್ನಿಸಿಕೊಂಡು ಬಂದವಳಿಗೆ ಈ ಕೆಸರು ಯಾಕೆ ಅನ್ನುತ್ತಾರೆ. ಅವರಿಗೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ, ಅದು ನಿನಗೆ ಬೇಡ. ಆದರೆ ಕರಪತ್ರದ ಮುಖಪುಟದಲ್ಲಿರುವ ಆ ಫೋಟೊ ತೆಗೆದುಬಿಡು.

ಬಹಳ ಚೆನ್ನಾಗಿರುವ ಫೋಟೊ ಅದು, ನಮ್ಮ ನಡುಮನೆಯ ಗೋಡೆಯ ಮೇಲೂ ಇದೆ. ನೀನು ಸಮವಸ್ತ್ರದಲ್ಲಿ ನಿಂತಿದ್ದೀಯ, ಹಿಂದೆ ಅರ್ಧ ಕಟ್ಟಿದ ಸೇತುವೆ, ಅದರ ಮೇಲೆ ನಿನ್ನ ಜವಾನರು. ಸೈನಿಕರ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬೇಡಿ ಎಂದು ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಬರೆದಿತ್ತು, 2019ರ ಮಾರ್ಚ್‌ನಲ್ಲಿ ಮತ್ತೆ ನೆನಪಿಸಿತು. ಇದು ನನ್ನದೇ ಫೋಟೊ, ನಾನು ಈಗ ನೌಕರಿಯಲ್ಲಿಲ್ಲ ಎಂದು ನೀನು ವಾದಿಸಬಹುದು, ವಕೀಲರು ನಿನ್ನ ಕಡೆ ಮಾತಾಡಲೂಬಹುದು. ನನ್ನ ತಕರಾರು ಅದಲ್ಲ. ನಿನ್ನ ಹಿಂದೆ ನಿಂತ ಆ ಹುಡುಗರು ಇನ್ನೂ ನೌಕರಿಯಲ್ಲಿದ್ದಾರೆ. 1950ರ ಸೇನಾ ಕಾಯ್ದೆ, 1954ರ ಸೇನಾ ನಿಯಮಗಳು ಅವರನ್ನು ರಾಜಕೀಯ ಸಭೆಗೆ ಹೋಗದಂತೆ, ಯಾವ ಅಭ್ಯರ್ಥಿಗೂ ನೆರವಾಗದಂತೆ ಕಟ್ಟಿಹಾಕಿವೆ. ಮತ ಹಾಕುವುದೊಂದು ಬಿಟ್ಟು ಈ ವಿಷಯದಲ್ಲಿ ಅವರು ಬಾಯಿ ತೆರೆಯುವಂತಿಲ್ಲ. ಬಾಯಿ ತೆರೆಯಲಾರದವರ ಮುಖ ತೋರಿಸಿ ನೀನು ಮತ ಕೇಳುವುದು ಸರಿಯಲ್ಲ. ಅವರಲ್ಲಿ ಯಾರಿಗೆ ನಿನ್ನ ಪಕ್ಷ ಹಿಡಿಸುವುದಿಲ್ಲವೋ ನಿನಗೆ ಗೊತ್ತಿಲ್ಲ. ಗೊತ್ತಾಗಲೂಬಾರದು, ಸೈನ್ಯ ಹಾಗಿದ್ದರೇ ಚೆನ್ನ.

ಸಮವಸ್ತ್ರವನ್ನು ನೋಡಿ ಜನ ಮತ ಹಾಕುತ್ತಾರೆ ಎಂಬ ಲೆಕ್ಕವೂ ನನಗೆ ಸರಿ ಕಾಣುವುದಿಲ್ಲ. ಉತ್ತರಾಖಂಡದ ಲ್ಯಾನ್ಸ್‌ಡೌನ್‌ನಲ್ಲಿ ನಿನ್ನ ಜೊತೆ ಇದ್ದಾಗ ಆ ಸೀಮೆಯ ರಾಜಕೀಯದ ಬಗ್ಗೆ ನಾನು ಕುತೂಹಲದಿಂದ ಓದಿಕೊಂಡಿದ್ದೆ, ನೆನಪಿದೆಯಾ? ಗಢವಾಲ್ ಎಂದರೆ ಮನೆಗೊಬ್ಬ ಸಿಪಾಯಿ ಇರುವ ನೆಲ. ಗಢವಾಲ್ ರೈಫಲ್ಸ್‌ನ ಕೇಂದ್ರವೇ ಅಲ್ಲಿದೆ. ಆ ಕ್ಷೇತ್ರದಿಂದ ಲೋಕಸಭೆಗೆ ಹೋದವರು ಮೇಜರ್ ಜನರಲ್ ಭುವನಚಂದ್ರ ಖಂಡೂರಿ. ಸೈನ್ಯದಲ್ಲಿ ನಿನ್ನದೇ ವಿಭಾಗ, ಇಂಜಿನಿಯರ್ಸ್. ಪುಣೆಯಲ್ಲಿ ನೀನು ಓದಿದ ಮಿಲಿಟರಿ ಇಂಜಿನಿಯರಿಂಗ್ ಕಾಲೇಜಿನಲ್ಲೇ ಓದಿದವರು. 1954ರಿಂದ 1990ರವರೆಗೆ ಸೇವೆ, 1971ರ ಯುದ್ಧದಲ್ಲಿ ಒಂದು ರೆಜಿಮೆಂಟಿನ ನಾಯಕತ್ವ, ಅತಿ ವಿಶಿಷ್ಟ ಸೇವಾ ಪದಕ. ನಿವೃತ್ತರಾದ ಮರುವರ್ಷವೇ, 1991ರಲ್ಲಿ, ಬಿಜೆಪಿಯಿಂದ ನಿಂತು ಗೆದ್ದರು. ಇಷ್ಟು ಕೇಳಿದರೆ ನಿನ್ನ ಲೆಕ್ಕವೇ ಸರಿ ಅನ್ನಿಸುತ್ತದೆ. ಆದರೆ 1996ರಲ್ಲಿ ಅದೇ ಜನ ಅದೇ ಜನರಲ್‌ರನ್ನು ಸೋಲಿಸಿದರು. 1998ರಲ್ಲಿ ಮತ್ತೆ ಗೆಲ್ಲಿಸಿದರು. 2012ರಲ್ಲಿ ಉತ್ತರಾಖಂಡದ ಮುಖ್ಯಮಂತ್ರಿಯಾಗಿದ್ದು, ಅವರ ಹೆಸರನ್ನೇ ಘೋಷಣೆ ಮಾಡಿಕೊಂಡು ಪಕ್ಷ ಚುನಾವಣೆಗೆ ಹೋದಾಗ ಕೋಟದ್ವಾರದಲ್ಲಿ ಸ್ವತಃ ಅವರೇ ಸೋತರು. ಆ ಸಲ 70 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 32, ಬಿಜೆಪಿಗೆ 31. ಸಮವಸ್ತ್ರದ ಬೆಲೆ ಚೆನ್ನಾಗಿ ಗೊತ್ತಿರುವ ಜನ ಅದನ್ನು ಬೇರೆ ಇಟ್ಟು, ಅಭ್ಯರ್ಥಿಯನ್ನು ಬೇರೆ ಇಟ್ಟು ತೂಗಿದರು.

ನಮ್ಮವರೇ ಆದ ಕೊಡಗಿನ ಕಾರ್ಯಪ್ಪನವರನ್ನು ನೋಡು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು. ಆ ದಿನವನ್ನು ಇವತ್ತಿಗೂ ಸೇನಾ ದಿನ ಎಂದು ಆಚರಿಸುತ್ತೇವೆ. 1971ರ ಲೋಕಸಭಾ ಚುನಾವಣೆಯಲ್ಲಿ ಮುಂಬೈ ಈಶಾನ್ಯದಿಂದ ನಿಂತು ಸೋತರು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬಾಂಗ್ಲಾ ಯುದ್ಧ ಕಂಡವರು, ಸಾಮಾನ್ಯರಿಗೆ ವಿಮಾನ ಹತ್ತಿಸಿದವರು. 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಪಕ್ಷೇತರರಾಗಿ ನಿಂತಾಗ ಠೇವಣಿ ಉಳಿಯಲಿಲ್ಲ. ಇದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಇಬ್ಬರ ಮೇಲೂ ನನಗೆ ಅಪಾರ ಗೌರವ. ಗೌರವ ಒಂದು, ಮತ ಇನ್ನೊಂದು ಎಂದು ಜನರಿಗೆ ಗೊತ್ತಿದೆ, ಗೊತ್ತಿರುವುದು ಒಳ್ಳೆಯದೇ.

ಹಾಗಾದರೆ ಏನನ್ನು ಮುಂದಿಟ್ಟು ಕೇಳಬೇಕು? ನನಗೆ ಕಾಣುವುದು ಹೇಳುತ್ತೇನೆ. ನಿನ್ನೊಳಗಿರುವ ಇಂಜಿನಿಯರನ್ನು ಮುಂದಿಡು.

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ನಮ್ಮ ಹಲಸೂರಿನ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಇಂಜಿನಿಯರ್ ಪಡೆಯವರು, ಹೋಗಿ ಚೂರಲ್‌ಮಲೆಯಲ್ಲಿ ಬಿಡಿಭಾಗ ಜೋಡಿಸಿ ನಿಲ್ಲಿಸುವ ಬೈಲಿ ಸೇತುವೆ ಕಟ್ಟಿದರಲ್ಲ, ಆಗ ಟಿವಿಯ ಮುಂದಿಂದ ನಾನು ಏಳಲೇ ಇಲ್ಲ. 190 ಅಡಿ ಉದ್ದ, ಕೆಳಗೆ ಕೆಸರು ಹೊಳೆ, ಮೇಲೆ ಮಳೆ. ಆ ಕೆಲಸ ನಡೆಸಿದವರಲ್ಲಿ ಒಬ್ಬ ಹೆಣ್ಣುಮಗಳು ಮೇಜರ್ ಇದ್ದಳು. ಆಗಸ್ಟ್ 1ರ ಸಂಜೆಗೆ ಸೇತುವೆ ಸಿದ್ಧವಾಗಿತ್ತು. ಅದಕ್ಕೆ 24 ಟನ್ ಭಾರ ಎಂದು ಗೊತ್ತುಮಾಡಿದ್ದರು. ಅವತ್ತು ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ, ಗಣಿತ ಕಲಿಸಿದ ನನಗೆ ಅದು ಬಹಳ ಹಿಡಿಸಿತು. ಸೇತುವೆಯ ಬಾಯಲ್ಲಿ ಬರೆದಿಡುವ ಆ ಅಂಕಿಯನ್ನು ಜನರಲ್ ಬಂದರೂ ಮಂತ್ರಿ ಬಂದರೂ ಹೆಚ್ಚಿಸುವ ಹಾಗಿಲ್ಲ ಅಂದೆ. 24 ಅಂದರೆ 24. ಯಾರನ್ನಾದರೂ ಮೆಚ್ಚಿಸಲು 30 ಎಂದು ಬರೆದರೆ ಲಾರಿ ಹೊಳೆಗೆ ಬೀಳುತ್ತದೆ. ಸಂಸತ್ತಿಗೆ ನೀನು ಒಯ್ಯಬೇಕಾದದ್ದು ಈ ಅಭ್ಯಾಸವನ್ನು. ಅಲ್ಲಿ ಭಾಷಣ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆಳುವವರಿಗೆ ಬೇಡವಾದ ಅಂಕಿಯನ್ನೂ ಇದ್ದದ್ದು ಇದ್ದ ಹಾಗೆ ಬರೆಯುವವರು ಕಡಿಮೆ.

ಖಂಡೂರಿಯವರ ಬಗ್ಗೆ ನಾನು ಇಷ್ಟು ಹೇಳುತ್ತಿರುವುದೂ ಇದಕ್ಕೇ. ನೀನು ಊರಿಗೆ ಬರುವಾಗಲೆಲ್ಲ ಹಿಡಿಯುವ ಬೆಂಗಳೂರು–ಪುಣೆ ಹೆದ್ದಾರಿ ಸುವರ್ಣ ಚತುಷ್ಪಥದ ಒಂದು ತುಂಡು. 1999ರ ಜನವರಿಯಲ್ಲಿ ವಾಜಪೇಯಿಯವರು ಶಂಕುಸ್ಥಾಪನೆ ಮಾಡಿದರು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಸುತ್ತುವ 5,846 ಕಿಲೋಮೀಟರ್. 2000ದಿಂದ 2004ರವರೆಗೆ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಖಾತೆಯನ್ನು ನೋಡಿಕೊಂಡವರು ಖಂಡೂರಿ. ಪೂರ್ತಿ ಮುಗಿದದ್ದು ಅವರು ಖಾತೆ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, 2012ರಲ್ಲಿ. ಆದರೆ ಒಬ್ಬ ಸಿವಿಲ್ ಇಂಜಿನಿಯರ್ ಆ ಕುರ್ಚಿಯಲ್ಲಿ ಕೂತಿದ್ದ ವರ್ಷಗಳಲ್ಲಿ ಕೆಲಸಕ್ಕೆ ಒಂದು ಬಿಗಿ ಬಂದಿತ್ತು ಎಂದು ಅವರನ್ನು ವಿರೋಧಿಸುವವರೂ ಒಪ್ಪುತ್ತಾರೆ. ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿಯ ಈರುಳ್ಳಿ, ಮೆಕ್ಕೆಜೋಳ, ಮೆಣಸಿನಕಾಯಿಯ ಲಾರಿಗಳು ಇವತ್ತು ಓಡುವುದು ಆ ರಸ್ತೆಯಲ್ಲಿ.

ಅದೇ ಚತುಷ್ಪಥದ ಇನ್ನೊಂದು ಕಥೆಯನ್ನು ಬಿಟ್ಟು ಹೇಳಿದರೆ ನಾನು ಹೇಳಿದ್ದು ಅರ್ಧ ಸುಳ್ಳಾಗುತ್ತದೆ. ಸತ್ಯೇಂದ್ರ ದುಬೆ ಎಂಬ ಹುಡುಗ, ಕಾನ್ಪುರ ಐಐಟಿಯಲ್ಲಿ ಸಿವಿಲ್ ಓದಿದವನು, ಹೆದ್ದಾರಿ ಪ್ರಾಧಿಕಾರದಲ್ಲಿ ಇಂಜಿನಿಯರ್. ಬಿಹಾರ–ಜಾರ್ಖಂಡ್ ಕಡೆಯ ಕಾಮಗಾರಿಯಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ವಿವರಿಸಿ ಪ್ರಧಾನಿ ಕಚೇರಿಗೆ ಪತ್ರ ಬರೆದ. ನನ್ನ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದ. ಗುಟ್ಟು ಉಳಿಯಲಿಲ್ಲ, ಪತ್ರ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರ ನಸುಕಿನಲ್ಲಿ ಗಯಾದಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ದರೋಡೆಕೋರರ ಕೆಲಸ ಎಂದು ಸಿಬಿಐ ಹೇಳಿತು, ಮೂವರಿಗೆ ಶಿಕ್ಷೆಯೂ ಆಯಿತು. ಇಷ್ಟೇ ಎಂದು ನಂಬಲಾರದವರು ಇವತ್ತಿಗೂ ಇದ್ದಾರೆ. ಆಗ ನೀನು ಶಾಲೆಯಲ್ಲಿದ್ದೆ. ಪತ್ರಿಕೆಯಲ್ಲಿ ಅವನ ಫೋಟೊ ನೋಡಿ, ಇವನ ತಾಯಿಯೂ ನನ್ನ ಹಾಗೆ ಮಗ ಇಂಜಿನಿಯರ್ ಆಗಲಿ ಎಂದು ಆಸೆಪಟ್ಟವಳೇ ಇರಬೇಕು ಅಂದುಕೊಂಡೆ. ಅವತ್ತು ಅಡುಗೆ ಮನೆಯಲ್ಲಿ ನನ್ನ ಕೈ ಓಡಲಿಲ್ಲ.

ಆ ಸಾವಿನ ಮೇಲೆ ದೇಶ ಕೂಗಾಡಿತು, ಸುಪ್ರೀಂ ಕೋರ್ಟು ಕೇಳಿತು, 2004ರಲ್ಲಿ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಕೊನೆಗೆ 2014ರಲ್ಲಿ ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆ ಕಾಯ್ದೆ ಬಂತು. ಸಂಸತ್ತಿನ ಎರಡೂ ಸದನ ಒಪ್ಪಿ, ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಅಂಕಿತ ಬಿದ್ದು ಇಷ್ಟು ವರ್ಷವಾದರೂ ಅದು ಯಾವತ್ತಿನಿಂದ ಜಾರಿ ಎಂಬ ಅಧಿಸೂಚನೆ ಹೊರಡಲಿಲ್ಲ. ಕಾಯ್ದೆಯ ಪುಸ್ತಕದಲ್ಲಿದೆ, ದುಬೆಯಂಥ ಹುಡುಗರ ಕೈಗೆ ಬಂದಿಲ್ಲ. ನಿನ್ನ ಕರಪತ್ರದಲ್ಲಿ ಭ್ರಷ್ಟಾಚಾರದ ವಿರುದ್ಧ ಸಮರ ಎಂಬ ದಪ್ಪಕ್ಷರದ ಸಾಲಿದೆಯಲ್ಲ, ಅದನ್ನು ತೆಗೆದು ಅಲ್ಲಿ ಇದನ್ನು ಬರೆ: ಆ ಕಾಯ್ದೆ ಏಕೆ ಜಾರಿಯಾಗಿಲ್ಲ ಎಂದು ಮೊದಲ ಅಧಿವೇಶನದಲ್ಲೇ ಕೇಳುತ್ತೇನೆ. ಸಮರ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇದನ್ನಾದರೆ ಜನ ನೆನಪಿಟ್ಟುಕೊಂಡು, ಕೇಳಿದೆಯಾ ಎಂದು ನಿನ್ನನ್ನೇ ಕೇಳುತ್ತಾರೆ.

ಖಂಡೂರಿಯವರ ಬದುಕಿನಲ್ಲಿ ನನಗೆ ರಸ್ತೆಗಿಂತ ದೊಡ್ಡದಾಗಿ ಕಾಣುವುದು ಅವರ ಕೊನೆಯ ಅವಧಿ. 2014ರಲ್ಲಿ ಮತ್ತೆ ಗಢವಾಲಿನಿಂದ ಗೆದ್ದರು, ಆಗ ಎಂಬತ್ತರ ಹತ್ತಿರ ವಯಸ್ಸು. ಮಂತ್ರಿಗಿರಿ ಇರಲಿಲ್ಲ. ರಕ್ಷಣಾ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿಯ ಅಧ್ಯಕ್ಷರಾದರು. 2018ರ ಮಾರ್ಚ್‌ನಲ್ಲಿ ಆ ಸಮಿತಿ ಕೊಟ್ಟ ವರದಿ ದೊಡ್ಡ ಸುದ್ದಿಯಾಯಿತು. ಸೇನೆಯ ಉಪಮುಖ್ಯಸ್ಥರೇ ಸಮಿತಿಯ ಮುಂದೆ ಬಂದು, ನಮ್ಮ ಸಲಕರಣೆಗಳಲ್ಲಿ ನೂರಕ್ಕೆ 68ರಷ್ಟು ಹಳೆಯ ಕಾಲದವು, 24ರಷ್ಟು ಸದ್ಯದ ಕಾಲದವು, ಅತ್ಯಾಧುನಿಕವಾದವು 8 ಮಾತ್ರ ಎಂದಿದ್ದರು. ಮೂರೂ ಸರಿಸುಮಾರು ಮೂರನೇ ಒಂದರಷ್ಟು ಇರಬೇಕಿತ್ತು. ಆ ವರ್ಷ ಆಧುನೀಕರಣಕ್ಕೆ ಕೊಟ್ಟದ್ದು 21,338 ಕೋಟಿ ರೂಪಾಯಿ. ಆಗಲೇ ಒಪ್ಪಿಕೊಂಡಿದ್ದ 125 ಯೋಜನೆಗಳಿಗೆ ಪಾವತಿಸಬೇಕಿದ್ದದ್ದು 29,033 ಕೋಟಿ. ಹೊಸದೇನೂ ಕೊಳ್ಳುವ ಮಾತು ಹಾಗಿರಲಿ, ಹಳೆಯ ಬಾಕಿಗೇ ಸಾಲದು. ಇದನ್ನು ವರದಿಯಲ್ಲಿ ಬರೆದು ಸದನದ ಮುಂದಿಟ್ಟ ಸಮಿತಿಯ ಅಧ್ಯಕ್ಷರು ಆಡಳಿತ ಪಕ್ಷದವರು. ಅವರ ಪಕ್ಷದ್ದೇ ಸರ್ಕಾರ. ಆ ಸರ್ಕಾರಕ್ಕೆ ಇದು ಸಿಹಿ ಸುದ್ದಿಯಾಗಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಮಿತಿಗಳನ್ನು ಹೊಸದಾಗಿ ರಚಿಸಿದಾಗ ಅಧ್ಯಕ್ಷ ಸ್ಥಾನ ಬೇರೆಯವರಿಗೆ ಹೋಯಿತು. ಸೇನೆಯ ಬಗ್ಗೆ ಪ್ರಶ್ನೆ ಎತ್ತಿದ್ದಕ್ಕೇ ತಂದೆಯವರನ್ನು ತೆಗೆದರು ಎಂದು ಅವರ ಮಗ 2019ರಲ್ಲಿ ಕಾಂಗ್ರೆಸ್ ಸೇರುವಾಗ ಹೇಳಿದರು. ಸಮಿತಿಗಳು ವರ್ಷ ವರ್ಷವೂ ಬದಲಾಗುವಂಥವೇ, ಹಾಗಾಗಿ ಕಾರಣ ಇದೇ ಎಂದು ನಾನು ಹೇಳುವುದಿಲ್ಲ. ವರದಿಯಂತೂ ಉಳಿದಿದೆ. ಯಾರು ಬೇಕಾದರೂ ತೆಗೆದು ಓದಬಹುದು. ಮೂವತ್ತಾರು ವರ್ಷ ಸೈನ್ಯದ ಅನ್ನ ಉಂಡವರು ಸೈನ್ಯದ ಋಣ ತೀರಿಸಿದ್ದು ಹಾಗೆ. ಯಾವ ವೇದಿಕೆಯ ಮೇಲೆ ಜೈಕಾರ ಹಾಕಿದ್ದರೂ ಅಷ್ಟು ತೀರುತ್ತಿರಲಿಲ್ಲ.

ಈ ಸ್ಥಾಯಿ ಸಮಿತಿಗಳ ಬಗ್ಗೆ ನಿನಗೆ ಹೇಳಲೇಬೇಕು, ಕರಪತ್ರದಲ್ಲಿ ಒಂದು ಸಾಲೂ ಇಲ್ಲ. ಒಟ್ಟು 24 ಇವೆ. ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ, ಕ್ಯಾಮೆರಾ ಇರುವುದಿಲ್ಲ. ಹೀಗೇ ಮತ ಹಾಕಿ ಎಂದು ಪಕ್ಷ ಕೊಡುವ ಆದೇಶ, ಅಂದರೆ ವಿಪ್, ಅಲ್ಲಿಗೆ ಅನ್ವಯಿಸುವುದಿಲ್ಲ. ಸದನದಲ್ಲಿ ವಿಪ್ ಮೀರಿ ಮತ ಹಾಕಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಸ್ಥಾನವೇ ಹೋಗಬಹುದು. ಸಮಿತಿಯಲ್ಲಿ ಮಾತ್ರ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು, ಕಡತ ಬಿಡಿಸಿ, ಈ ಅಂಕಿ ಎಲ್ಲಿಂದ ಬಂತು ಎಂದು ಕೇಳಬಹುದು. ಅಂದಾಜು ಪಟ್ಟಿ ನೋಡಿದ ಕೂಡಲೇ ಎಲ್ಲಿ ಉಬ್ಬಿಸಿದ್ದಾರೆ ಎಂದು ಹಿಡಿಯುವವಳು ನೀನು. ನಿನ್ನ ಓದು, ನಿನ್ನ ಹತ್ತು ವರ್ಷ, ಎರಡೂ ದುಡಿಯುವ ಜಾಗ ಅದೇ.

ಪಕ್ಷದ ಟಿಕೆಟ್ಟೋ ಪಕ್ಷೇತರವೋ ಎಂದು ನೀನು ಇನ್ನೂ ಅತ್ತಿತ್ತ ಆಡುತ್ತಿದ್ದೀಯ. ಅದು ನಿನ್ನ ತೀರ್ಮಾನ. ಆದರೆ ಪಕ್ಷೇತರಳಾಗಿ ಗೆದ್ದ ಮೇಲೆ ಯಾವುದಾದರೂ ಪಕ್ಷ ಸೇರಿಕೊಂಡರಾಯಿತು ಎಂದು ನಿನ್ನ ಗೆಳೆಯರು ಹೇಳುತ್ತಿದ್ದಾರಂತೆ. ಅದೇ ಕಾನೂನಿನ ಪ್ರಕಾರ ಹಾಗೆ ಸೇರಿದರೂ ಸ್ಥಾನ ಹೋಗುತ್ತದೆ. ಹೋಗದಿದ್ದರೂ, ಒಂದು ಹೇಳಿ ಮತ ತೆಗೆದುಕೊಂಡು ಇನ್ನೊಂದು ಮಾಡುವುದು ಬೇಡ.

ಈಗ ಕರಪತ್ರದ ಒಳಪುಟ. ಪ್ರತಿ ಹಳ್ಳಿಗೂ ಶುದ್ಧ ನೀರು, ಪ್ರತಿ ಬೀದಿಗೂ ಕಾಂಕ್ರೀಟ್ ರಸ್ತೆ ಎಂದು ಬರೆದಿದ್ದೀಯ. ಮಗಳೇ, ಇದು 24 ಟನ್ನಿನ ಸೇತುವೆಗೆ 100 ಎಂದು ಬರೆದ ಹಾಗಾಯಿತು. ನಮ್ಮ ದಾವಣಗೆರೆ ಕ್ಷೇತ್ರವೆಂದರೆ ಜಗಳೂರಿನಿಂದ ಹರಪನಹಳ್ಳಿ, ಹರಿಹರ, ಮಾಯಕೊಂಡ, ಚನ್ನಗಿರಿ, ಹೊನ್ನಾಳಿವರೆಗೆ. ದಾವಣಗೆರೆ ಊರಿನ ಎರಡು ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳು. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಎಂಟರಿಂದ ಭಾಗಿಸಿ, ಆಮೇಲೆ ಹಳ್ಳಿಗಳ ಲೆಕ್ಕಕ್ಕೆ ಇಳಿಸಿ ನೋಡು. ಆಗದ್ದನ್ನು ಬರೆಯಬೇಡ.

ಆಗುವುದನ್ನು ಬರೆ. ಮೇಲ್ದಂಡೆ ಭದ್ರಾ ಯೋಜನೆಗೆ 5,300 ಕೋಟಿ ಕೇಂದ್ರದ ನೆರವು ಎಂದು 2023ರ ಬಜೆಟ್ಟಿನಲ್ಲಿ ಓದಿ ಹೇಳಿದರು. ಆಮೇಲೆ ಆ ಹಣಕ್ಕಾಗಿ ರಾಜ್ಯ ಸರ್ಕಾರ ದೆಹಲಿಗೆ ಪತ್ರದ ಮೇಲೆ ಪತ್ರ ಬರೆಯುತ್ತಲೇ ಇತ್ತು. ಕೇಂದ್ರದವರು ಒಂದು ಕಾರಣ ಹೇಳುತ್ತಾರೆ, ರಾಜ್ಯದವರು ಇನ್ನೊಂದು. ಜಗಳೂರಿನ ರೈತನಿಗೆ ಬೇಕಾದದ್ದು ನೀರು. ಯಾವ ಕಡತ ಎಲ್ಲಿ ನಿಂತಿದೆ ಎಂದು ಕೇಳುವ ಹಕ್ಕು ಸಂಸದರಿಗೆ ಇದೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಚುಕ್ಕೆ ಗುರುತಿನದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಹೇಳಬೇಕು, ಉಪಪ್ರಶ್ನೆಗೂ ಉತ್ತರ ಕೊಡಬೇಕು. ಇನ್ನೊಂದಕ್ಕೆ ಲಿಖಿತ ಉತ್ತರ. ಲಿಖಿತ ಉತ್ತರವನ್ನು ಕಡೆಗಣಿಸಬೇಡ, ಅದು ದಾಖಲೆ. ಅದರ ಮೇಲೆ ಮುಂದಿನ ಪ್ರಶ್ನೆ ಕಟ್ಟಬಹುದು.

ಭದ್ರಾ ನಾಲೆಯ ಕೊನೆಯ ಭಾಗಕ್ಕೆ ನೀರು ತಲುಪದಿರುವುದು ರಾಜ್ಯದ ನೀರಾವರಿ ಇಲಾಖೆಗೆ ಸೇರಿದ್ದು, ಸಂಸದರ ಕೈಯಲ್ಲಿಲ್ಲ ಎಂದು ನೇರವಾಗಿ ಹೇಳು. ಹೇಳಿ, ನಾನು ಇಂಜಿನಿಯರ್, ನಾಲೆಯುದ್ದಕ್ಕೂ ನಡೆದು ಎಲ್ಲೆಲ್ಲಿ ಎಷ್ಟು ನೀರು ಸೋರುತ್ತಿದೆ, ಎಲ್ಲಿ ಅಕ್ರಮ ಪಂಪು ಕೂತಿದೆ ಎಂದು ಅಳೆದು ನಿಮ್ಮ ಕೈಗೂ ಇಲಾಖೆಯ ಕೈಗೂ ಕೊಡುತ್ತೇನೆ ಅನ್ನು. ಅದಕ್ಕೆ ಗೆಲ್ಲುವವರೆಗೆ ಕಾಯಬೇಕಾಗಿಯೂ ಇಲ್ಲ.

ಚುನಾವಣೆ ಕೆಲಸಕ್ಕೆ ನಾನು ಮತಗಟ್ಟೆಯಲ್ಲಿ ಕೂತವಳು. ಮಸ್ಟರಿಂಗ್‌ನಲ್ಲಿ ಯಂತ್ರ ಇಸಿದುಕೊಂಡು, ಲಾರಿಯೋ ಬಸ್ಸೋ ಹತ್ತಿ, ಯಾವುದೋ ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆದು, ಬೆಳಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿಸಿ ಏಳಕ್ಕೆ ಬಾಗಿಲು ತೆರೆದರೆ ಮೊದಲು ಬರುವವರು ಹೆಂಗಸರು. ಕೂಲಿಗೆ ಹೋಗುವ ಮೊದಲು ಮತ ಹಾಕಿ ಹೋಗಬೇಕು ಅವರಿಗೆ. ಎಡಗೈ ತೋರುಬೆರಳು ಮುಂದೆ ಚಾಚುತ್ತಾರೆ, ನಾವು ಮೈಸೂರಿನ ಶಾಯಿ ಹಚ್ಚುತ್ತೇವೆ. ಆ ಬೆರಳುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಳೆ ಕಿತ್ತು, ಮೆಣಸಿನಕಾಯಿ ಬಿಡಿಸಿ ಸೀಳಿದ ಬೆರಳುಗಳು, ಶಾಯಿ ತಾಗಿದರೆ ಉರಿಯುತ್ತದೆ. ಒಬ್ಬಳೂ ಕೈ ಹಿಂದಕ್ಕೆ ಎಳೆದುಕೊಂಡದ್ದನ್ನು ಕಾಣೆ. ಇವರಿಗೆ ಸುಳ್ಳು ಅಂಕಿ ಹೇಳಲು ನಿನಗೆ ಮನಸ್ಸು ಬರಬಾರದು. ನೀನು ಪ್ರಚಾರಕ್ಕೆ ಹೋದಾಗ ಕಟ್ಟೆಯ ಮೇಲೆ ಕೂತ ಗಂಡಸರ ಜೊತೆ ಮಾತಾಡಿ ವಾಪಸ್ ಬರಬೇಡ. ಹಿತ್ತಲಿಗೂ ಹೋಗು, ಸ್ವಸಹಾಯ ಸಂಘದ ಸಭೆಗೂ ಹೋಗು. ಹೆಂಗಸರ ಮೀಸಲಾತಿಗೆ 2023ರಲ್ಲಿ ಸಂವಿಧಾನ ತಿದ್ದುಪಡಿ ಆಯಿತು ಎಂಬ ಸುದ್ದಿ ಅವರಲ್ಲಿ ಎಷ್ಟೋ ಜನಕ್ಕೆ ಮುಟ್ಟಿಲ್ಲ. ಜನಗಣತಿ, ಕ್ಷೇತ್ರ ಮರುವಿಂಗಡಣೆ ಎಂದು ಅದಕ್ಕೆ ಕಟ್ಟಿದ ಷರತ್ತುಗಳನ್ನೂ ವಿವರಿಸಿ ಹೇಳು.

ಕಾನೂನು ಬದಲಾದರೆ ಮನೆಯೊಳಗೆ ಏನಾಗುತ್ತದೆ ಎಂದು ನಿನಗೆ ಬೇರೆಯವರು ಹೇಳಬೇಕಾಗಿಲ್ಲ. ಊರಿಂದ ದೂರ ನೌಕರಿಯಲ್ಲಿರುವ ಸೈನಿಕರು ಸೇವಾ ಮತದಾರರಾಗಿ ತಮ್ಮ ಊರಿನ ಮತ ಹಾಕುತ್ತಾರಲ್ಲ, ಸೈನಿಕನ ಹೆಂಡತಿ ಅವನ ಜೊತೆಗೇ ಹಾಗೆ ಸೇವಾ ಮತದಾರಳಾಗಬಹುದಿತ್ತು, ಹೆಣ್ಣು ಅಧಿಕಾರಿಯ ಗಂಡನಿಗೆ ಆ ಅವಕಾಶವಿರಲಿಲ್ಲ. ಅಳಿಯಂದಿರು ನಿನ್ನ ಹಿಂದೆ ಊರೂರು ತಿರುಗುತ್ತಾ ಮತ ಹಾಕಲಾಗದೆ ಒದ್ದಾಡಿದ್ದು ಮರೆತಿದ್ದೀಯಾ? 2021ರ ಡಿಸೆಂಬರ್‌ನಲ್ಲಿ ಸಂಸತ್ತು ತಿದ್ದುಪಡಿ ಮಾಡಿ ಅದನ್ನು ಸರಿಪಡಿಸಿತು. ಹೆಣ್ಣು ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್, ಅಂದರೆ ನಿವೃತ್ತಿಯವರೆಗಿನ ನೌಕರಿ, ಕೊಡಿ ಎಂದು 2020ರ ಫೆಬ್ರುವರಿಯಲ್ಲಿ ಹೇಳಬೇಕಾಗಿ ಬಂದದ್ದು ಮಾತ್ರ ಸುಪ್ರೀಂ ಕೋರ್ಟು. ಆ ಕೆಲಸವನ್ನು ಸಂಸತ್ತು ತಾನೇ ಮುಂಚೆ ಮಾಡಬಹುದಿತ್ತು. ಅಲ್ಲಿ ನಿನ್ನಂಥವರು ನಾಲ್ಕು ಜನ ಇದ್ದಿದ್ದರೆ ಮಾಡಿಸುತ್ತಿದ್ದರೇನೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ನೀನು ನಿಲ್ಲಲಿ ಎಂದು ನಾನು ಬಯಸುವುದಕ್ಕೆ ಅದೂ ಒಂದು ಕಾರಣ.

ಹಣದ ವಿಷಯ. ಲೋಕಸಭೆಗೆ ನಮ್ಮಂಥ ದೊಡ್ಡ ರಾಜ್ಯದಲ್ಲಿ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ. ನಮ್ಮ ಹತ್ತಿರ ಅದರ ಹತ್ತಿರಕ್ಕೂ ಇಲ್ಲ, ಇರಬೇಕಾಗಿಯೂ ಇಲ್ಲ. ಯಾರಾದರೂ ಲೆಕ್ಕಕ್ಕೆ ಬಾರದ ಹಣ ತಂದುಕೊಟ್ಟರೆ ಬಾಗಿಲಲ್ಲೇ ಹಿಂದಕ್ಕೆ ಕಳಿಸು. ಅಫಿಡವಿಟ್‌ನಲ್ಲಿ ನಿಮ್ಮಪ್ಪನ ಹಳೇ ಸೈಟು, ನಿನ್ನ ಪಿ.ಎಫ್., ಅಳಿಯಂದಿರ ಸಾಲ, ನಿನ್ನ ಕೈಬಳೆಯ ತೂಕ, ಎಲ್ಲವನ್ನೂ ಇದ್ದ ಹಾಗೆ ಬರೆ. ಠೇವಣಿ 25,000 ನಾನು ಕಟ್ಟುತ್ತೇನೆ, ನನ್ನ ಪಿಂಚಣಿಯಲ್ಲಿ ತೆಗೆದಿಟ್ಟಿದ್ದೇನೆ. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಭಾಗ ಬರದಿದ್ದರೆ ಅದು ಸರ್ಕಾರಕ್ಕೆ ಹೋಗುತ್ತದೆ. ಹೋದರೂ ನನಗೆ ದುಃಖವಿಲ್ಲ. ಪಕ್ಷೇತರಳಾದರೆ ನಾಮಪತ್ರಕ್ಕೆ ಹತ್ತು ಜನ ಸೂಚಕರು ಬೇಕು, ಹತ್ತೂ ಜನ ಇದೇ ಕ್ಷೇತ್ರದ ಮತದಾರರಾಗಿರಬೇಕು. ಒಂದು ಸಹಿ ನನ್ನದು.

ಸೋತರೆ ಏನು ಎಂದು ನೀನು ಕೇಳಿಲ್ಲ, ಆದರೆ ರಾತ್ರಿ ಯೋಚಿಸುತ್ತೀಯ ಎಂದು ಗೊತ್ತು. ಖಂಡೂರಿಯವರು ಸೋತ ಕೋಟದ್ವಾರದಲ್ಲೇ ಹತ್ತು ವರ್ಷದ ಮೇಲೆ ಅವರ ಮಗಳು ಋತು ನಿಂತು, ತಂದೆಯನ್ನು ಸೋಲಿಸಿದ್ದವರನ್ನೇ ಸೋಲಿಸಿ, ಉತ್ತರಾಖಂಡ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಮನೆತನದ ರಾಜಕಾರಣವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ, ನನಗೆ ಅದು ಇಷ್ಟವೂ ಇಲ್ಲ. ಒಂದು ಕ್ಷೇತ್ರದ ಜನ ಒಮ್ಮೆ ಬೇಡ ಎಂದದ್ದು ಆ ಸಲಕ್ಕೆ ಮಾತ್ರ ಎಂದು ತಿಳಿದಿರಲಿ. ಸೋತರೂ ನೀನು ಅಳೆದ ನಾಲೆಯ ಲೆಕ್ಕ ರೈತರ ಕೈಯಲ್ಲಿರುತ್ತದೆ.

ಒಂದು ತುರ್ತು ಕೆಲಸ ಬಾಕಿ ಇದೆ. ನಿನ್ನ ಹೆಸರು ಇನ್ನೂ ಸೇವಾ ಮತದಾರರ ಪಟ್ಟಿಯಲ್ಲೇ ಇರಬೇಕು. ಫಾರಂ 6 ತುಂಬಿ ಇಲ್ಲಿಯ ಸಾಮಾನ್ಯ ಪಟ್ಟಿಗೆ ಸೇರಿಸಿಕೋ, ಕೊನೆ ದಿನದವರೆಗೆ ಬಿಡಬೇಡ. ನಮ್ಮ ಬೀದಿಯ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಅಂಗನವಾಡಿ ಟೀಚರ್, ಅವರಿಗೆ ಹೇಳಿಟ್ಟಿದ್ದೇನೆ. ಬಿಡುಗಡೆಯ ಪತ್ರದ ನಕಲು ತಾ. ಕರಪತ್ರ ತಿದ್ದಿದ ಮೇಲೆ ಮುದ್ರಣಕ್ಕೆ ಕೊಡುವ ಮುಂಚೆ ನನಗೊಮ್ಮೆ ಕಳಿಸು, ಕಾಗುಣಿತ ನೋಡುತ್ತೇನೆ. ಒತ್ತಕ್ಷರಗಳು ಮೂರು ಕಡೆ ತಪ್ಪಿವೆ.

ಮಲೇಬೆನ್ನೂರು ಕಡೆಯ ನಾಲೆ ಕೊನೆಯ ರೈತರು ನಿನ್ನ ಹತ್ತಿರ ಮಾತಾಡಬೇಕು ಎಂದು ಹೇಳಿಕಳಿಸಿದ್ದಾರೆ. ಬರುವ ಭಾನುವಾರ ಅಂದಿದ್ದೇನೆ. ಅಳತೆಯ ಟೇಪು, ಗಟ್ಟಿ ಬೂಟು ತಂದುಕೋ, ಏರಿಯ ಮೇಲೆ ಬಹಳ ದೂರ ನಡೆಯಬೇಕು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕೊಡುತ್ತೇನೆ.

ನಿನ್ನ
ಅಮ್ಮ